ಕಾಂಗ್ರೆಸ್ ಕಸಕ್ಕೆ ನೀಲಗಿರಿ ಎಣ್ಣೆ ಮದ್ದೇ?

ಬಹಳ ದಿನ ಆಯ್ತು ಏನೂ ಬರೆಯದೆ. ರಿಲೀಸ್ ಗಡಿಬಿಡಿ, ಮತ್ತೇನಿಲ್ಲ :-)

ಈಗ ಮನೆಯಿಂದಲೇ ಕೆಲಸ, ದೇಶಪಾಂಡೆ ನಗರದಲ್ಲೇ ಠಿಕಾಣಿ. ಕಿಟಕಿಯಿಂದ ಕಾಣೋದು ಪಕ್ಕದ ಖಾಲಿ ಪ್ಲಾಟು, ಅದರ ತುಂಬ ಎದೆಮಟ್ಟ ಬೆಳೆದ ಕಾಂಗ್ರೆಸ್ ಕಸ. ಹೋದ ತಿಂಗಳು ಅಮ್ಮ ಕಂಪೌಂಡಿನ ಪಕ್ಕದ್ದನ್ನೆಲ್ಲ ಬರಿಗೈಲಿ ಕಿತ್ತುಹಾಕಿದಳು. ಮರುದಿನ ಮೊಣಕೈವರೆಗೂ ಕೆಂಪು ಗಂಧೆ, ರಾತ್ರಿಯೆಲ್ಲ ತುರಿಕೆ. ಇದು ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತುವಿನ ಕೆಲಸ. ಅದೇ ವಸ್ತು ಮಣ್ಣಿಗಿಳಿದು ಅಕ್ಕಪಕ್ಕದ ಬೀಜ ಮೊಳೆಯದಂತೆಯೂ ತಡೆಯುತ್ತದೆ. ಗಿಡ ಗಿಡಕ್ಕೇ ಹೀಗೆ ವಿಷ ಹಾಕುವುದಕ್ಕೆ ಅಲೆಲೋಪತಿ ಅನ್ನುತ್ತಾರೆ.

ಸರಿ, ಅದರ ಅಸ್ತ್ರ ಅದಕ್ಕೇ ತಿರುಗಿಸೋಣ ಅಂದುಕೊಂಡೆ. ಗಿಡಗಳ ಎಣ್ಣೆ ಸಿಂಪಡಿಸಿದರೆ ಕಸ ಸಾಯುತ್ತದೆ ಅನ್ನುವ ವಿಡಿಯೋಗಳಿಗೇನು ಬರವೇ? ಪೂರ್ತಿ ಸುಳ್ಳೂ ಅಲ್ಲ. ನಿಂಬೆವಾಸನೆಯ ನೀಲಗಿರಿಯ ಎಣ್ಣೆ ಪಾರ್ಥೇನಿಯಂ ಅನ್ನು ಹತ್ತಿಕ್ಕುತ್ತದೆ ಎಂದು ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದವರು 2005ರಲ್ಲೇ ಪ್ರಕಟಿಸಿದ್ದಾರೆ. ನಾನೂ ಎರಡು ಬಾಟಲಿ ತಂದು, ಸೋಪಿನ ನೀರಲ್ಲಿ ಕಲಸಿ ಹೊಡೆದೆ. ಮರುದಿನ ಎಲೆಗಳು ಸುಟ್ಟಂತೆ ಕಂದಾದವು. ನನಗೋ ಭಾರಿ ಖುಷಿ. ಎರಡೇ ವಾರ, ಬುಡದಿಂದ ಹೊಸ ಚಿಗುರು! ಅಮ್ಮ ಅಂದಳು, "ವಾಸನಿ ಛಲೋ ಅದ ನೋಡು, ಕಸಾನೂ ಅಲ್ಲೇ ಅದ."

ಕಾರಣ ಇಷ್ಟೇ. ಎಣ್ಣೆ ತಾಗಿದ ಎಲೆಯ ಜೀವಕೋಶದ ಪೊರೆ ಹರಿದು ಎಲೆ ಒಣಗುತ್ತದೆ. ಆದರೆ ಅದು ಬೇರಿಗೆ ಇಳಿಯುವುದಿಲ್ಲ, ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಕುಂಡದಲ್ಲಿ ಎಳೆ ಸಸಿಗಾದರೆ ಸರಿ, ಇಡೀ ಪ್ಲಾಟಿಗೆ ಹೊಡೆಯಲು ನನ್ನ ಸಂಬಳ ಸಾಲದು.

ಇನ್ನು 'ನ್ಯಾಚುರಲ್' ಅಂದ ಕೂಡಲೇ ಒಳ್ಳೆಯದು ಅನ್ನುವವರ ಜೊತೆ ನನ್ನ ತಕರಾರಿದೆ. ಅಮ್ಮನ ಕೈ ಸುಟ್ಟ ಪಾರ್ಥೆನಿನ್ ಕೂಡ ನ್ಯಾಚುರಲ್ಲೇ ಅಲ್ಲವೇ? 1977ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಯೊಬ್ಬರು ಬಾಟಲ್‌ಬ್ರಶ್ ಗಿಡದ ಕೆಳಗೆ ಕಸ ಕಡಿಮೆ ಇರುವುದನ್ನು ಗಮನಿಸಿದರು. ಅಲ್ಲಿ ಸಿಕ್ಕ ವಸ್ತುವನ್ನು ಪ್ರಯೋಗಾಲಯದಲ್ಲಿ ಬದಲಿಸುತ್ತಾ ಹೋಗಿ ಕೊನೆಗೆ ತಯಾರಾದದ್ದು ಮೆಸೋಟ್ರಿಯೋನ್, ಗೋವಿನಜೋಳದ ಹೊಲಕ್ಕೆ ಹೊಡೆಯುವ ಕಳೆನಾಶಕ. ಸುಳಿವು ಕೊಟ್ಟದ್ದು ಗಿಡ, ಹೊಲಕ್ಕೆ ಬಂದದ್ದು ಕಾರ್ಖಾನೆಯ ಮಾಲು.

ನನಗೆ ಎಣ್ಣೆಗಿಂತ ಹಿಡಿಸಿದ್ದು ನಮ್ಮಲ್ಲೇ ನಡೆದ ಇನ್ನೊಂದು ದಾರಿ. ತಗಚೆ ಜಾತಿಯ ಕ್ಯಾಸಿಯಾ ಗಿಡ ಮಳೆ ಬಿದ್ದ ಕೂಡಲೇ ದಟ್ಟವಾಗಿ ಎದ್ದು ಕಾಂಗ್ರೆಸ್ ಕಸಕ್ಕೆ ಜಾಗವನ್ನೇ ಕೊಡುವುದಿಲ್ಲ. ಅದರ ಎಲೆ ಕಾಂಡದಿಂದ ಇಳಿದ ರಸವೂ ಕಸದ ಬೀಜವನ್ನು ಮೊಳೆಯಲು ಬಿಡುವುದಿಲ್ಲ. ಮುಂದೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾದ ಡಾ. ಎಂ. ಮಹದೇವಪ್ಪನವರು 1980ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದರು. ಒಂದೇ ಅನುಮಾನ, ಈ ಗಿಡವೂ ಅಮೆರಿಕ ಖಂಡದಿಂದ ಬಂದದ್ದೇ. ಬಾಡಿಗೆದಾರನನ್ನು ಬಿಡಿಸಲು ಇನ್ನೊಬ್ಬ ಬಾಡಿಗೆದಾರನನ್ನು ತಂದ ಹಾಗೆ... ಆದರೂ ಇದು ಕೈ ತುರಿಸುವುದಿಲ್ಲ, ಬಾಟಲಿ ಖರ್ಚೂ ಇಲ್ಲ. ಹೂ ಬಿಡುವ ಮೊದಲೇ ಕಸ ಕಿತ್ತು, ಆ ಜಾಗಕ್ಕೆ ಇದರ ಬೀಜ ಚೆಲ್ಲುವುದೇ ಸರಿ ಅಂತ ನನ್ನ ಮತ.

ಪ್ಲಾಟಿನ ಮಾಲೀಕರು ಪುಣೆಯಲ್ಲಿದ್ದಾರೆ. ಫೋನ್ ಮಾಡಿದರೆ "ಮುಂದಿನ ತಿಂಗಳು ನೋಡೋಣು" ಅಂದರು. ಅಷ್ಟರೊಳಗೆ ಒಂದೊಂದು ಗಿಡವೂ ಸಾವಿರಗಟ್ಟಲೆ ಬೀಜ ಉದುರಿಸಿರುತ್ತದೆ. ಹಾಗಾಗಿ ಎರಡು ಜೊತೆ ಗ್ಲೌಸ್ ತಂದಿದ್ದೇನೆ. ಎದುರು ಮನೆ ಕಾಕಾ ಭಾನುವಾರ ಮುಂಜಾನೆ ಬರ್ತೀನಿ ಅಂದಿದ್ದಾರೆ.