ಬಿಡಕಿನ್ ಬಿಸಿಲಿಗೆ ಯಾವ ಟೈರು?

ಕೆನಡಾದಲ್ಲೋ ಮಿನ್ನೆಸೋಟಾದಲ್ಲೋ ಇರುವ ನೆಂಟರಿಗೆ ನವೆಂಬರ್‌ನಲ್ಲಿ ಫೋನ್ ಮಾಡಿ ನೋಡಿ. “ಈ ವಾರ ಚಳಿಗಾಲದ ಟೈರ್ ಹಾಕಿಸ್ಬೇಕು” ಎನ್ನುವ ಮಾತು ಬಂದೇ ಬರುತ್ತದೆ. ಕ್ವಿಬೆಕ್ ಪ್ರಾಂತ್ಯದಲ್ಲಂತೂ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅದು ಕಡ್ಡಾಯ. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರು ಆಗಲೂ ಮೆತ್ತಗಿರುತ್ತದೆ. ಆದರೆ ಅದನ್ನು ನಮ್ಮ ಮೇ ತಿಂಗಳ ರಸ್ತೆಯಲ್ಲಿ ಓಡಿಸಿದರೆ ಬೇಗ ಸವೆದುಹೋಗುತ್ತದೆ.

ನಮ್ಮ ಕಡೆ ಹಿಮವಿಲ್ಲ ನಿಜ. ಟೈರಿಗೆ ಪರೀಕ್ಷೆ ಒಡ್ಡುವ ಕಾಲ ಮಾತ್ರ ನಮಗೂ ಇದೆ, ಅದು ಬೇಸಿಗೆ.

ಬಿಡಕಿನ್ ಹೆಸರು ಈಗ ಕನ್ನಡಿಗರ ಕಿವಿಗೂ ಬೀಳುತ್ತಿದೆ. ಬಿಡದಿಯಲ್ಲಿ ಕಾರು ಮಾಡುವ ಟೊಯೋಟಾ ಕಿರ್ಲೋಸ್ಕರ್, ಛತ್ರಪತಿ ಸಂಭಾಜಿನಗರದಲ್ಲಿ ಹೊಸ ಕಾರ್ಖಾನೆಗಾಗಿ 2024ರ ಜುಲೈ 31ರಂದು ಮಹಾರಾಷ್ಟ್ರ ಸರ್ಕಾರದ ಜೊತೆ ಒಡಂಬಡಿಕೆ ಮಾಡಿಕೊಂಡಿತು. ಅದಕ್ಕೆ ಗೊತ್ತಾದ ಜಾಗ ಬಿಡಕಿನ್ ಕೈಗಾರಿಕಾ ಪ್ರದೇಶ. ಇಲ್ಲಿಂದ ಊರಿಗೆ ದಾರಿಯೂ ಸಲೀಸು: ರಾಷ್ಟ್ರೀಯ ಹೆದ್ದಾರಿ 52 ಹಿಡಿದರೆ ಬೀಡ್, ತುಳಜಾಪುರ, ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ.

ತೊಂದರೆ ಇರುವುದು ನಾವು ಹೊರಡುವ ಹೊತ್ತಿನಲ್ಲಿ. ಮಕ್ಕಳಿಗೆ ರಜೆ ಸಿಗುವುದು ಮೇ ತಿಂಗಳಲ್ಲಿ. ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ಒಳಗೆ ಐದು ಜನ, ಡಿಕ್ಕಿ ತುಂಬ ಸಾಮಾನು, ಹೆದ್ದಾರಿಯ ವೇಗ. ಟೈರ್ ಸಿಡಿಯಲು ಬೇಕಾದ್ದೆಲ್ಲ ಒಂದೇ ದಿನ ಕೂಡಿಬರುತ್ತದೆ.

ಇದು ಬರೀ ಹೆದರಿಕೆಯ ಮಾತಲ್ಲ. ಸಂಭಾಜಿನಗರದ ಪಕ್ಕದಲ್ಲೇ ಹಾಯುವ 701 ಕಿ.ಮೀ. ಉದ್ದದ ಸಮೃದ್ಧಿ ಮಹಾಮಾರ್ಗದ ನಾಗಪುರ–ಶಿರಡಿ ಭಾಗ 2022ರ ಡಿಸೆಂಬರ್ 11ರಂದು ತೆರೆಯಿತು. ಅಲ್ಲಿ ಕಾರಿಗೆ 120 ಕಿ.ಮೀ. ವೇಗದ ಮಿತಿ, ಉದ್ದಕ್ಕೂ ಕಾಂಕ್ರೀಟು. ಟೈರ್ ಸಿಡಿದು ಅಪಘಾತಗಳಾಗತೊಡಗಿದಾಗ ಸಾರಿಗೆ ಇಲಾಖೆ ಪ್ರವೇಶದಲ್ಲೇ ಟೈರ್ ಪರೀಕ್ಷಿಸಿ, ಸವೆದಿದ್ದರೆ ವಾಹನ ತಡೆಯಲು ಶುರು ಮಾಡಿತು.

ಟೈರ್ ಸಿಡಿಯುವುದು ಬಿಸಿಲಿಗೆ ಗಾಳಿ ಹಿಗ್ಗಿ ಎಂದು ಬಹಳ ಜನ ನಂಬಿದ್ದಾರೆ. ಅದಕ್ಕೇ ಬೇಸಿಗೆಯಲ್ಲಿ ನಾಲ್ಕು ಪಾಯಿಂಟ್ ಗಾಳಿ ಕಡಿಮೆ ಹೊಡೆಸುತ್ತಾರೆ. ಆಗುವುದು ಉಲ್ಟಾ. ಗಾಳಿ ಕಡಿಮೆಯಾದಷ್ಟೂ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುತ್ತದೆ, ಒಳಗೇ ಕಾಯುತ್ತದೆ, ಕೊನೆಗೆ ಹರಿಯುತ್ತದೆ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟೇ ಹೊಡೆಸಿ. ತುಂಬಿದ ಗಾಡಿಗೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನು ನೋಡಿ. ಗಾಡಿ ಮೂರು ಗಂಟೆ ನಿಂತು ಟೈರ್ ತಣ್ಣಗಿರುವಾಗ ಅಳೆಯಿರಿ. ದಾರಿಯಲ್ಲಿ ಒತ್ತಡ ಏರಿದ್ದು ಕಂಡರೆ ಬಿಡಿಸಬೇಡಿ, ಅದು ಸಹಜ. ನೈಟ್ರೋಜನ್ ಹಾಕಿಸಿದ್ದೇವೆ ಎಂದು ಅಳೆಯುವುದನ್ನು ಬಿಡುವಂತಿಲ್ಲ. ಮಾಮೂಲಿ ಗಾಳಿಯಲ್ಲೂ 78 ಪಾಲು ನೈಟ್ರೋಜನ್ನೇ.

ಹೊಸ ಟೈರ್ ಕೊಳ್ಳುವಾಗ ಮೂರು ಗುರುತು ಓದಿ. ಅಳತೆಯ ಪಕ್ಕದ ಅಂಕಿ ಭಾರದ್ದು: 91 ಎಂದರೆ ಒಂದು ಟೈರು 615 ಕಿಲೋ ಹೊರುತ್ತದೆ. ಅದರ ಮುಂದಿನ ಅಕ್ಷರ ವೇಗದ್ದು: ‘ಟಿ’ ಗಂಟೆಗೆ 190 ಕಿ.ಮೀ., ‘ಎಚ್’ 210. ಎರಡೂ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಮೂರನೆಯದು ನಾಲ್ಕಂಕಿಯ ಜನ್ಮದಿನ: 2324 ಎಂದರೆ 2024ರ 23ನೇ ವಾರ. ವಾಳೂಜ್‌ನಲ್ಲಿ ಗುಡ್‌ಇಯರ್, ನಾಸಿಕ್‌ನಲ್ಲಿ ಸಿಯೆಟ್ ಕಾರ್ಖಾನೆಗಳಿವೆ. ಹಾಗೆಂದು ಅಂಗಡಿಯವ ಕೊಟ್ಟ ಟೈರ್ ನಿನ್ನೆ ಹುಟ್ಟಿದ್ದು ಎಂದುಕೊಳ್ಳಬೇಡಿ.

ಬಿಸಿಲು ಮುಗಿದರೆ ಮಳೆ. ಗೋದಾವರಿ ಬಯಲಿನ ಕಪ್ಪು ಮಣ್ಣು ಒದ್ದೆ ರಸ್ತೆಗೆ ಬಂದರೆ ಸೋಪು ಹಚ್ಚಿದಂತೆ. ಟೈರಿನ ಗೀರು 1.6 ಮಿ.ಮೀ.ಗೆ ಇಳಿದರೆ ಬದಲಿಸಲೇಬೇಕು ಎನ್ನುತ್ತದೆ ಕಾನೂನು. ಮಳೆಗಾಲಕ್ಕೆ ಮೊದಲೇ 3 ಮಿ.ಮೀ. ಹತ್ತಿರ ಬಂದಿದ್ದರೆ ಬದಲಿಸುವುದು ಜಾಣತನ.

ಕ್ವಿಬೆಕ್‌ನವರಿಗೆ ಸರ್ಕಾರ ತಾರೀಖು ಗೊತ್ತುಮಾಡಿದೆ. ನಮಗೆ ಹಬ್ಬಗಳಿವೆ. ಬಿಸಿಲೇರುವ ಮುನ್ನ ಯುಗಾದಿ, ಅಂದರೆ ಇಲ್ಲಿನವರ ಗುಡಿ ಪಾಡವಾ. ಮಳೆ ಮುಗಿಯುವ ಹೊತ್ತಿಗೆ ಆಯುಧಪೂಜೆ. ನಿಂಬೆಹಣ್ಣು ಇಡಲು ಹೇಗೂ ಬಗ್ಗುತ್ತೀರಿ. ಹಾಗೇ ನಾಲ್ಕೂ ಟೈರಿನ ಮೈ ಸವರಿ ನೋಡಿ, ಡಿಕ್ಕಿಯಲ್ಲಿರುವ ಐದನೆಯದನ್ನೂ ಮರೆಯಬೇಡಿ.