ಸ್ವಂತ ವಂತಿಗೆಯ ಸ್ವಾತಂತ್ರ್ಯ

1940ರಲ್ಲಿ ಷಿಕಾಗೋ ನಗರದಲ್ಲಿ ಸಮುದಾಯ ಸಂಘಟಕ ಸಾಲ್ ಅಲಿನ್‌ಸ್ಕಿಯವರು ನೆರೆಹೊರೆಗಳ ಜನರನ್ನು ಸಂಘಟಿಸಲೆಂದು ಸ್ಥಾಪಿಸಿದ ಇಂಡಸ್ಟ್ರಿಯಲ್ ಏರಿಯಾಸ್ ಫೌಂಡೇಷನ್, ಆರಂಭದಲ್ಲಿ ಧನಿಕರ ಔದಾರ್ಯವನ್ನು ಆಶ್ರಯಿಸಿದ್ದರೂ, ಕಾಲಕ್ರಮದಲ್ಲಿ ತನ್ನ ಅಂಗಸಂಘಗಳಿಗೆ ಚರ್ಚು, ಸಿನಗಾಗ್, ಮಸೀದಿಗಳು ತಾವೇ ತೆರುವ ವಾರ್ಷಿಕ ವಂತಿಗೆಯನ್ನು ಮೂಲಾಧಾರವನ್ನಾಗಿ ಮಾಡಿದುದು ಅದರ ಅತ್ಯಂತ ವಿವೇಕಯುತವಾದ ನಿರ್ಣಯವೆಂದು ನಾನು ಭಾವಿಸುತ್ತೇನೆ. ಸರ್ಕಾರದ ಎದುರು ನಿಂತು ನ್ಯಾಯವನ್ನು ಕೇಳಬೇಕಾದವರು ಆ ಸರ್ಕಾರದ ಅನುದಾನದಿಂದಲೇ ಜೀವಿಸುತ್ತಿದ್ದರೆ ಅವರ ಕಂಠಕ್ಕೆ ಧೈರ್ಯವು ಎಲ್ಲಿಂದ ಬಂದೀತು? ಇದೇ ಪರಂಪರೆಯಲ್ಲಿ 1998ರಲ್ಲಿ ಉದಯಿಸಿದ ಗ್ರೇಟರ್ ಬಾಸ್ಟನ್ ಇಂಟರ್‌ಫೇತ್ ಆರ್ಗನೈಸೇಷನ್, ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2006ರ ಆರೋಗ್ಯವಿಮಾ ಶಾಸನಕ್ಕಾಗಿ, ಇತರ ಸಂಘಗಳೊಡಗೂಡಿ, ಜನರ ಸಹಿಗಳನ್ನು ನಿರ್ಭಯವಾಗಿ ಸಂಗ್ರಹಿಸಿತು.

ಬಡ ಧಾರ್ಮಿಕ ಸಭೆಗಳಿಂದ ಹಣ ಕೇಳುವುದು ಕ್ರೌರ್ಯವೆಂಬ ಆಕ್ಷೇಪವುಂಟು. ಆದರೆ ಸಭೆಯ ಆದಾಯಕ್ಕೆ ಅನುಗುಣವಾಗಿ ವಂತಿಗೆಯನ್ನು ಗೊತ್ತುಮಾಡುವಲ್ಲಿ ಆ ಆಕ್ಷೇಪವು ನಿಲ್ಲದು. ಅಲ್ಪವನ್ನಿತ್ತವರೂ, ಯಾವ ಮತದವರೇ ಆಗಲಿ, ಒಂದೇ ಪಂಕ್ತಿಯಲ್ಲಿ ಕುಳಿತು ಲೆಕ್ಕಪತ್ರವನ್ನು ಕೇಳುವ ಅಧಿಕಾರವನ್ನು ಪಡೆಯುತ್ತಾರೆ.