ಮನೆಗೂ ಶಾಲೆಗೂ ನಡುವಣ ದಾರಿ

ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಮಾತು ಬಂದಾಗಲೆಲ್ಲ ನಾವು ಕಟ್ಟಡಗಳನ್ನೂ ಪುಸ್ತಕಗಳನ್ನೂ ಪರೀಕ್ಷೆಯ ಫಲಗಳನ್ನೂ ಎಣಿಸುವುದು ವಾಡಿಕೆ. ಇವೆಲ್ಲಕ್ಕಿಂತ ಮೊದಲು ಎಣಿಸಬೇಕಾದುದು ಬೇರೊಂದುಂಟು. ಮಗುವಿನ ತಾಯಿತಂದೆಗಳೂ ಅದರ ಉಪಾಧ್ಯಾಯಿನಿಯೂ ವರ್ಷದಲ್ಲಿ ಎಷ್ಟು ಬಾರಿ ಎದುರೆದುರು ಕುಳಿತು ಮಾತನಾಡಿದರು? ಪ್ರಾಥಮಿಕ ತರಗತಿಗಳಲ್ಲಿಯಂತೂ ಈ ಪ್ರಶ್ನೆಯೇ ಮುಖ್ಯವಾದುದು. ಎಂಟು ವರ್ಷದ ಬಾಲೆ ತನ್ನ ಕಷ್ಟವನ್ನು ತಾನೇ ಬಿಡಿಸಿ ಹೇಳಲಾರಳು. ಆಕೆಯ ಪರವಾಗಿ ಹಿರಿಯರೇ ಪರಸ್ಪರ ಮಾತನಾಡಿಕೊಳ್ಳಬೇಕು. ಅವರು ಮಾತನಾಡದಿದ್ದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯಂತಾಗಿ, ನಡುವೆ ಸಿಕ್ಕಿದ ಮಗು ಎಲ್ಲಿಯೂ ಸೇರದೆ ನಿಲ್ಲುವುದು.

ಹಿಂದಿನ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಅಕ್ಷರ ಕಲಿಸುತ್ತಿದ್ದ ಐಗಳು ಊರಿನವರ ಕಾಳುಕಡಿಯಿಂದಲೇ ಜೀವಿಸುತ್ತಿದ್ದರು. ಆ ಕಲಿಕೆಯಲ್ಲಿ ಕೊರತೆಗಳು ಹಲವಿದ್ದುವು. ಅದು ಹೆಣ್ಣುಮಕ್ಕಳಿಗೆ ದೊರೆಯುತ್ತಿದ್ದುದೂ ಅಪರೂಪ. ಆದರೆ ಕಲಿಸುವವನಿಗೆ ಕಲಿಯುವವನ ಮನೆಯ ಹೊಸ್ತಿಲು ಪರಿಚಿತವಾಗಿತ್ತು. ಈ ಪ್ರಾಂತವು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳಿಕೆಯಲ್ಲಿದ್ದು, ಇಲ್ಲಿಯ ಕಚೇರಿಯ ಭಾಷೆಯೂ ಮೇಲಿನ ತರಗತಿಗಳ ಪಾಠದ ಭಾಷೆಯೂ ಉರ್ದುವಾಗಿದ್ದುವು. ಶಾಲೆಯಿಂದ ಬಂದ ಕಾಗದವನ್ನು ಓದಿಸಲು ಕನ್ನಡದ ರೈತನು ಮತ್ತೊಬ್ಬರ ಮನೆಗೆ ಹೋಗಬೇಕಾಗಿತ್ತು. 1956ರಲ್ಲಿ ನಾವು ಕನ್ನಡ ನಾಡಿನೊಡನೆ ಒಂದಾದೆವು. ಆದರೂ ಆ ದೂರವು ಪೂರ್ತಿಯಾಗಿ ಅಳಿಯಲಿಲ್ಲ. ಅಂದು ಉರ್ದು ನಿಂತಿದ್ದ ಸ್ಥಾನದಲ್ಲಿ ಇಂದು ಎಷ್ಟೋ ಶಾಲೆಗಳಲ್ಲಿ ಇಂಗ್ಲಿಷು ನಿಂತಿದೆ. ಜಿಡಗಾದಂತಹ ಗ್ರಾಮದಿಂದ ಆಳಂದಕ್ಕೋ ಕಲಬುರಗಿಗೋ ಮಗಳನ್ನು ಕಳುಹಿಸುವ ತಂದೆಯು ಶುಲ್ಕವನ್ನು ತಪ್ಪದೆ ಸಲ್ಲಿಸುತ್ತಾನೆ. ಶಾಲೆಯ ಸೂಚನಾಪತ್ರ ಮಾತ್ರ ಅವನಿಗೆ ತಿಳಿಯದು.

2011ರ ಜನಗಣತಿಯ ಪ್ರಕಾರ ನಮ್ಮ ಜಿಲ್ಲೆಯ ಸ್ತ್ರೀಯರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 55 ಮಂದಿ. ಎಂದರೆ ನಾವು ಬರೆದು ಕಳುಹಿಸಿದ ಚೀಟಿಗಳಲ್ಲಿ ಎಷ್ಟೋ ಚೀಟಿಗಳು, ಓದಲಾರದ ತಾಯಂದಿರ ಕೈಗೆ ಹೋದುವು. ಅಂತಹ ಮನೆಯಲ್ಲಿ ಚೀಟಿಯನ್ನು ಓದುವವರಾರು? ಆ ಮಗುವೇ! ತನ್ನ ಮೇಲಿನ ದೂರನ್ನು ತಾನೇ ಓದಿ ಹೇಳಬೇಕಾದ ಬಾಲೆಯು ಒಂದೆರಡು ಸಾಲುಗಳನ್ನು ನುಂಗಿಕೊಂಡರೆ ಅದು ಆಕೆಯ ದೋಷವೇ? ಹಾಗೆಯೇ ತಾಯಿಯ ಉತ್ತರವೂ ಮಗುವಿನ ಬಾಯಿಂದಲೇ ಶಾಲೆಗೆ ಬರುತ್ತದೆ. ದೂತನೂ ಆಪಾದಿತನೂ ಒಬ್ಬನೇ ಆಗಿರುವ ರಾಜ್ಯದಲ್ಲಿ ಸಂಧಿಯಾಗುವುದೆಂತು?

ಈಗ ಮೊಬೈಲು ಬಂದಿದೆಯಲ್ಲ ಎಂದು ಕೆಲವರು ಹೇಳಬಹುದು. ಆದರೆ ಆ ಮೊಬೈಲು ಯಾರ ಕೈಯಲ್ಲಿದೆ ಎಂಬುದನ್ನು ವಿಚಾರಿಸಬೇಕು. ಈ ಸೀಮೆಯ ಗಂಡಸರು ಅನೇಕರು ಕೂಲಿಗಾಗಿ ಪುಣೆ, ಮುಂಬಯಿಗಳಿಗೆ ಹೋಗುವರು. ಶಾಲೆಯ ಸಂದೇಶವು ಪುಣೆಯಲ್ಲಿರುವ ತಂದೆಗೆ ತಲಪಿ, ಜಿಡಗಾದಲ್ಲಿರುವ ತಾಯಿಗೆ ತಲಪದೆಹೋದರೆ ಏನು ಫಲ?

ಇದರಿಂದಾಗುವ ಹಾನಿ ಅಲ್ಪವಾದುದಲ್ಲ. ನಮ್ಮಲ್ಲಿ ಹೆಣ್ಣುಮಗಳು ಶಾಲೆ ಬಿಡುವುದು ಒಂದೇ ದಿನದಲ್ಲಲ್ಲ. ಮೊದಲು ತೊಗರಿಯ ರಾಶಿಯ ಕಾಲದಲ್ಲಿ ನಾಲ್ಕು ದಿನ, ಬಳಿಕ ತಮ್ಮನ ಆರೈಕೆಗೆಂದು ಒಂದು ವಾರ, ಆಮೇಲೆ ಮೈನೆರೆದಳೆಂದು ಒಂದು ತಿಂಗಳು. ಕೊನೆಗೊಂದು ದಿನ ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿಗೆ ಗೆರೆ ಬೀಳುತ್ತದೆ. 2006ರ ಕಾನೂನು ಹದಿನೆಂಟು ತುಂಬದ ಕನ್ಯೆಯ ವಿವಾಹವನ್ನು ನಿಷೇಧಿಸಿದೆ. ಆದರೆ ಕಾನೂನು ಮದುವೆಯ ಚಪ್ಪರಕ್ಕೆ ಬರುವುದು ಚಪ್ಪರ ಹಾಕಿದ ಬಳಿಕ. ಉಪಾಧ್ಯಾಯಿನಿಯು ಆ ಮನೆಗೆ ಎರಡು ವರ್ಷ ಮೊದಲೇ ಬರಬಲ್ಲಳು. ಮೊದಲ ನಾಲ್ಕು ದಿನಗಳ ಗೈರುಹಾಜರಿಯಲ್ಲಿಯೇ ಆಕೆ ಬಾಗಿಲಿಗೆ ಬಂದು "ಏನಮ್ಮ, ಮಗು ಕಾಣಲಿಲ್ಲ?" ಎಂದು ಕೇಳಿದ್ದರೆ ಹಲವು ಹೆಸರುಗಳ ಮೇಲೆ ಆ ಗೆರೆ ಬೀಳುತ್ತಿರಲಿಲ್ಲ.

ಕಥೋಲಿಕ ಶಾಲೆಗಳ ವಿಷಯದಲ್ಲಿ ಇದನ್ನು ವಿಶೇಷವಾಗಿ ಹೇಳಬೇಕಾಗಿದೆ. 2009ರ ಶಿಕ್ಷಣದ ಹಕ್ಕಿನ ಅಧಿನಿಯಮವು ಸರಕಾರದ ಹಾಗೂ ಅನುದಾನಿತ ಶಾಲೆಗಳಲ್ಲಿ ಒಂದು ಸಮಿತಿ ಇರಬೇಕೆಂದೂ, ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಆಗಿರಬೇಕೆಂದೂ, ಅರ್ಧದಷ್ಟು ಮಂದಿ ಸ್ತ್ರೀಯರಿರಬೇಕೆಂದೂ ವಿಧಿಸಿತು. ಆದರೆ 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಅಧಿನಿಯಮವು ಅನ್ವಯಿಸದೆಂದು ತೀರ್ಪಿತ್ತಿತು. ಕಾನೂನು ಬಲವಂತ ಮಾಡಲಿಲ್ಲವೆಂದು ಸುಮ್ಮನಿರುವುದು ನಮಗೆ ಶೋಭಿಸದು. ತಾಯಿತಂದೆಗಳೇ ಮಕ್ಕಳ ಪ್ರಥಮ ಹಾಗೂ ಪ್ರಧಾನ ಶಿಕ್ಷಕರೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿಯೇ ಸಾರಿದೆ. ಹಾಗಿರುವಾಗ ಪ್ರಧಾನ ಶಿಕ್ಷಕಿಯಾದ ತಾಯಿಯು ಶಾಲೆಯ ಜಗಲಿಯ ಮೇಲೆ ಅಂಜಿ ನಿಂತಿರುವುದೂ, ಸಹಾಯಕಿಯಾದವಳು ಕುರ್ಚಿಯಲ್ಲಿ ಕುಳಿತು ವಿಚಾರಣೆ ನಡೆಸುವುದೂ ಯುಕ್ತವೇ? ಕಲಬುರಗಿಯ ಕಥೋಲಿಕ ಧರ್ಮಪ್ರಾಂತವು ಸ್ಥಾಪಿತವಾದುದು 2005ರಲ್ಲಿ. ಇಲ್ಲಿ ದುಡಿಯುವ ಸೋದರಿಯರಲ್ಲಿ ಎಷ್ಟೋ ಮಂದಿ ದೂರದ ಸೀಮೆಗಳಿಂದ ಬಂದವರು. ಮಕ್ಕಳಲ್ಲಿ ಬಹುಮಂದಿ ಅನ್ಯಧರ್ಮೀಯರು. ನುಡಿಯೂ ನಡೆಯೂ ಬೇರೆಯಾದೆಡೆಯಲ್ಲಿ ಮಾತುಕತೆಯು ಇನ್ನಷ್ಟು ಹೆಚ್ಚಾಗಬೇಕಲ್ಲದೆ ಕಡಿಮೆಯಾಗಬಾರದು.

ಉಪಾಧ್ಯಾಯಿನಿಯರಿಗೆ ಬಿಡುವಿಲ್ಲವೆಂಬುದು ನಿಜ. ಐವತ್ತು ಮಕ್ಕಳ ಮನೆಗಳಿಗೆ ತಿಂಗಳಿಗೊಮ್ಮೆ ಹೋಗಿರೆಂದು ಯಾರೂ ಹೇಳಲಾರರು. ಆದರೆ ನಾಲ್ಕು ಸಂಗತಿಗಳು ಅಸಾಧ್ಯವಲ್ಲ. ಮೊದಲನೆಯದು: ಪೋಷಕರ ಸಭೆಯನ್ನು ಶಾಲೆಯ ಅನುಕೂಲಕ್ಕಲ್ಲದೆ ಹೊಲದ ಅನುಕೂಲಕ್ಕೆ ಗೊತ್ತುಪಡಿಸಬೇಕು. ಬಿತ್ತನೆಯಲ್ಲಿಯೂ ರಾಶಿಯಲ್ಲಿಯೂ ಕರೆದರೆ ಬರುವವರಾರು? ಎತ್ತು ಹೂಡದ ಅಮಾವಾಸ್ಯೆಯ ದಿನ ಕರೆದರೆ ಬರುವರು. ಎರಡನೆಯದು: ದೂರು ಹೇಳುವುದಕ್ಕೆ ಮಾತ್ರವೇ ಕರೆಯಬಾರದು. ಮಗಳು ಚೆನ್ನಾಗಿ ಓದಿದಳೆಂಬ ಮಾತನ್ನು ಒಮ್ಮೆ ಕೇಳಿದ ತಾಯಿಯು, ಮುಂದೆ ಕಹಿಯಾದ ಮಾತನ್ನೂ ತಾಳ್ಮೆಯಿಂದ ಕೇಳುವಳು. ಮೂರನೆಯದು: ಮುಖ್ಯವಾದುದನ್ನು ಬರೆದು ಕಳುಹಿಸದೆ ಬಾಯಿಂದಲೇ ಹೇಳಬೇಕು, ಮೊಬೈಲಿನಲ್ಲಿಯಾದರೂ ಧ್ವನಿಯಿಂದಲೇ, ಕನ್ನಡದಲ್ಲಿಯೇ, ತಾಯಿಗೇ ಹೇಳಬೇಕು. ನಾಲ್ಕನೆಯದು: ವರ್ಷಕ್ಕೊಮ್ಮೆಯಾದರೂ, ಮೊದಲಾಗಿ ಗೈರುಹಾಜರಾದ ಮಕ್ಕಳ ಮನೆಗಳಿಗೆ ನಡೆದು ಹೋಗಬೇಕು.

ಇದಕ್ಕೆ ನಮ್ಮ ನಾಡಿನ ಪದ್ಧತಿಯೇ ದಾರಿ ತೋರಿಸಿದೆ. ಎಳ್ಳ ಅಮಾವಾಸ್ಯೆಯಂದು ಇಲ್ಲಿಯ ರೈತರು ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಕಡುಬು, ಭಜ್ಜಿಗಳನ್ನು ಬಡಿಸಿ ಬಂಧುಮಿತ್ರರನ್ನು ಸತ್ಕರಿಸುವರು. ಆ ಪಂಕ್ತಿಯಲ್ಲಿ ಉಪಾಧ್ಯಾಯಿನಿಯೂ ಕುಳಿತುಣ್ಣಲಿ. ಕಚೇರಿಯ ಮೇಜಿನ ಮುಂದೆ ಬಾರದ ಮಾತು ಬನ್ನಿಯ ಮರದ ನೆರಳಿನಲ್ಲಿ ತಾನಾಗಿ ಬರುವುದು. ನಮ್ಮ ಕಡೆ ಉಪಾಧ್ಯಾಯಿನಿಯನ್ನು 'ಅಕ್ಕೋರು' ಎಂದು ಕರೆಯುತ್ತಾರೆ. ಜನರು ಆಕೆಯನ್ನು ಆಗಲೇ ಅಕ್ಕನೆಂದು ಒಪ್ಪಿಕೊಂಡಿರುವರು. ಆಕೆ ಮನೆಯೊಳಕ್ಕೆ ಬರುವುದೊಂದೇ ಬಾಕಿ.

ಪೋಷಕರಿಗೂ ಎರಡು ಮಾತು. ಮಗಳನ್ನು ಶಾಲೆಗೆ ಒಪ್ಪಿಸಿದಲ್ಲಿಗೆ ನಿಮ್ಮ ಹೊಣೆ ತೀರಲಿಲ್ಲ. ಮನೆಯಲ್ಲಿ ಕಾಯಿಲೆಯೋ ಸಾಲವೋ ಜಗಳವೋ ಇದ್ದರೆ ಅದರ ನೆರಳು ಮಗುವಿನ ಪಾಟಿಯ ಮೇಲೆ ಬೀಳದಿರದು. ಮರ್ಯಾದೆಗೆಂದು ಮುಚ್ಚಿಡದೆ ತಿಳಿಸಿರಿ. ತಿಳಿದುಕೊಂಡ ಉಪಾಧ್ಯಾಯಿನಿಯರು ಅದನ್ನು ತಮ್ಮ ಎದೆಯಲ್ಲಿಯೇ ಇಟ್ಟುಕೊಳ್ಳಬೇಕು. ಮತ್ತು ಮಗುವಿನ ಎದುರಿನಲ್ಲಿ ಅದರ ಉಪಾಧ್ಯಾಯಿನಿಯನ್ನು ಹಳಿಯದಿರಿ. ಸಂಶಯವಿದ್ದರೆ ನೇರಾಗಿ ಆಕೆಯನ್ನೇ ಕೇಳಿರಿ.

ಕೊನೆಯದಾಗಿ, ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, ಈ ಕೆಲಸದಲ್ಲಿ ನಿಮ್ಮಷ್ಟು ಉಪಯುಕ್ತರು ಬೇರಿಲ್ಲ. ನಿಮಗೆ ಶಾಲೆಯ ನುಡಿಯೂ ಗೊತ್ತು, ಓಣಿಯ ನುಡಿಯೂ ಗೊತ್ತು. ನಿಮ್ಮಲ್ಲಿ ಒಬ್ಬೊಬ್ಬರು ನಿಮ್ಮ ನೆರೆಯ ಒಂದೊಂದು ಮನೆಯನ್ನು ಆರಿಸಿಕೊಂಡು, ಓದಲಾರದ ಒಬ್ಬ ತಾಯಿಯೊಡನೆ ಮುಂದಿನ ಪೋಷಕರ ಸಭೆಗೆ ಬಂದು ಆಕೆಯ ಪಕ್ಕದಲ್ಲಿ ಕುಳಿತುಕೊಳ್ಳಿರಿ. ನಿಮ್ಮನ್ನು ಓದಿಸಿದ ಶಾಲೆಗೆ ನೀವು ಸಲ್ಲಿಸಬಹುದಾದ ಕಾಣಿಕೆ ಇದಕ್ಕಿಂತ ದೊಡ್ಡದಿರಲಾರದು.